ಎಚ್‌ಡಿ ಡಿವಿಡಿಯ ಕೊನೆಯ ಭಕ್ತ

ಸೋತು ಸುಣ್ಣವಾದ ಪಕ್ಷಕ್ಕೆ ಇವತ್ತಿಗೂ ಪ್ರಚಾರ ಮಾಡುತ್ತಿರುವ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಇದ್ದಾನೆ. ಅವನು ಕಾಸರಕೋಡಿನಲ್ಲಿದ್ದಾನೆ, ಮತ್ತು ನನ್ನ ದುರದೃಷ್ಟಕ್ಕೆ, ನನ್ನ ಸೋದರಮಾವ!

ರಾಜಕೀಯ ಪಕ್ಷವಲ್ಲ ಮಾರಾಯ್ರೇ, ಸಿನಿಮಾ ಡಿಸ್ಕಿನದು. ಡಿವಿಡಿ ಹಳತಾಗುತ್ತ ಬಂದಾಗ ಅದರ ಜಾಗಕ್ಕೆ ಇಬ್ಬರು ಪೈಪೋಟಿಗೆ ನಿಂತಿದ್ದರು: ಎಚ್‌ಡಿ ಡಿವಿಡಿ ಮತ್ತು ಬ್ಲೂ-ರೇ. ಒಂದರ ಡಿಸ್ಕು ಇನ್ನೊಂದರ ಮಿಷನ್ನಿನಲ್ಲಿ ಓಡುವುದಿಲ್ಲ. ದೋಣಿ ಇಂಜಿನ್ ರಿಪೇರಿ ಮಾಡುವ ನಮ್ಮ ಮಾವ ಭಟ್ಕಳದ ಫಾರಿನ್ ಸಾಮಾನಿನ ಅಂಗಡಿಗೆ ಹೋಗಿ ಎರಡನ್ನೂ ಕೈಯಲ್ಲಿ ಎತ್ತಿ ನೋಡಿದನಂತೆ. ಎಚ್‌ಡಿ ಡಿವಿಡಿಯದು ಭಾರ ಇತ್ತು. "ಒಳಗೆ ಮಾಲು ಅದೆ" ಎಂದು ಅದನ್ನೇ ಹೊತ್ತು ತಂದ. ಸಿನಿಮಾ ಮಿಷನ್ನನ್ನು ತೂಕ ನೋಡಿ ತರುವವರನ್ನು ನೀವು ಕಂಡಿದ್ದೀರಾ?

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಅದೇ ತಿಂಗಳು ಹಿರೇಗುತ್ತಿಯಲ್ಲಿ ಮಾಸ್ತರನಾಗಿದ್ದ ನನ್ನ ಅಪ್ಪ, ಪೇಪರು ಓದಿ ಲೆಕ್ಕ ಹಾಕಿ, ಬ್ಲೂ-ರೇ ತಂದುಬಿಟ್ಟ! ಭಾವ-ಮೈದುನ ಮಾತು ಬಿಟ್ಟರು. ಹೇಳುವುದೆಲ್ಲ ನನ್ನ ಮೂಲಕವೇ.

"ಹುಡ್ಗೀ, ನಿನ್ನ ಅಪ್ಪಂಗೆ ಹೇಳು, ಅವ ತಂದದ್ದು ಬರೀ ಡಬ್ಬಿ."

"ನಿನ್ನ ಮಾವನಿಗೆ ಹೇಳು, ಅವನದು ದೋಣಿಗೆ ಲಂಗರು ಹಾಕಲಿಕ್ಕೆ ಆಗ್ತದೆ."

ಪರೀಕ್ಷೆಗೆ ಓದುತ್ತಿದ್ದ ಹುಡುಗಿಗೆ ಇದೊಂದು ಕೆಲಸ!

ಅತ್ತೆಯ ಪಾಡು ಇನ್ನೂ ಕಷ್ಟ. ಬೆಳಿಗ್ಗೆಯಿಂದ ಮೀನು ಮಾರಿ ಬಂದು ಒಂದು ಯಕ್ಷಗಾನ ನೋಡುವಾ ಎಂದು ಹಳೆಯ ಡಿವಿಡಿ ಹಿಡಿದು ನಿಂತರೆ ಮಾವ ಮಿಷನ್ನಿಗೆ ಅಡ್ಡ ನಿಲ್ಲುತ್ತಿದ್ದ.

"ಡಿವಿಡಿನೂ ಓಡ್ತದೆ ಅಂತ ಅಂಗಡಿಯವ್ರೇ ಹೇಳಿದ್ರಲ್ರೀ!"

"ಓಡ್ತದೆ. ಆದ್ರೆ ಅದ್ಕೆ ಅಭ್ಯಾಸ ತಪ್ಪಿಹೋಗ್ತದೆ."

ಮಿಷನ್ನಿಗೆ ಎಂತ ಅಭ್ಯಾಸ? ಅತ್ತೆ ಹಣೆ ಚಚ್ಚಿಕೊಂಡು ಪಕ್ಕದ ಮನೆಗೆ ಹೋಗಿ ಯಕ್ಷಗಾನ ನೋಡಿ ಬರುತ್ತಿದ್ದಳು.

ಕೊನೆಗೊಂದು ದಿನ ಎಚ್‌ಡಿ ಡಿವಿಡಿ ಮಾಡುವುದನ್ನು ಕಂಪನಿಯವರೇ ನಿಲ್ಲಿಸಿದರು. ಅಪ್ಪ ಪೇಪರಿನ ತುಂಡು ಕತ್ತರಿಸಿಕೊಂಡು, ಲಾಡು ಕಟ್ಟಿಸಿಕೊಂಡು, ಬಸ್ಸು ಹತ್ತಿ ಕಾಸರಕೋಡಿಗೇ ಹೋದ. ಮಾವ ಲಾಡು ತಿಂದ. ಪೇಪರು ಓದಿದ. ಇನ್ನೊಂದು ಲಾಡು ತಿಂದ.

"ಒಳ್ಳೇದಾತು ಭಾವ. ಇನ್ನು ನಮ್ಮದ್ರಲ್ಲಿ ಡೂಪ್ಲಿಕೇಟ್ ಬರೂದಿಲ್ಲ!"

ಅಪ್ಪ ಉಳಿದ ಲಾಡನ್ನು ವಾಪಸು ತಂದ.

ಮಾವನ ಹತ್ತಿರ ಇದ್ದದ್ದು ಆರೇ ಡಿಸ್ಕು. ಆರೂ ಇಂಗ್ಲಿಷು, ಮಾವನಿಗೆ ಅದರಲ್ಲಿ ಒಂದು ಅಕ್ಷರವೂ ತಿಳಿಯದು. ಆದರೂ ಮನೆಗೆ ಬಂದವರು ನೋಡದೆ ಹೋಗುವಂತಿಲ್ಲ. ನಾನು ಮದುವೆ ಕರೆಯೋಲೆ ಕೊಡಲು ಹೋದರೆ ಚಿತ್ರ ನಿಲ್ಲಿಸಿ, "ಆ ಮೀಸೆ ಕೂದ್ಲು ಎಣಿಸು ಕಾಂಬ! ಒಂದೊಂದೂ ಕಾಣ್ತದೆ!" ಎಂದ. ಎಣಿಸಿದಂತೆ ಮಾಡಿ ಮೂವತ್ತೇಳು ಎಂದೆ. "ಎಡಗಡೆದು ಬಿಟ್ಟೆ" ಎಂದ!

ಈಗ ಡಿಸ್ಕನ್ನು ಯಾರು ಕೇಳುತ್ತಾರೆ? ಅಪ್ಪನೇ ಬ್ಲೂ-ರೇಯನ್ನು ಅಟ್ಟಕ್ಕೆ ಎಸೆದು ಮೊಬೈಲಿನಲ್ಲಿ ಸಿನಿಮಾ ನೋಡುತ್ತಾನೆ. ಮಾವನಿಗೆ ಖುಷಿಯಾದೀತೆಂದು ಇದನ್ನು ಹೇಳಿದೆ. ಮುಖ ಸಣ್ಣ ಮಾಡಿ, "ಪಾಪ, ಭಾವಂಗೆ ಬೇಜಾರಾಗಿರ್ಬೇಕು" ಎಂದ. ಇಂಥವನ ಜೊತೆ ಜಗಳವಾಡುವುದು ಹೇಗೆ ಹೇಳಿ!

ಕಳೆದ ವರ್ಷ ಅತ್ತೆಗೆ ಕಣ್ಣಿನ ಆಪರೇಷನ್ ಆಯಿತು. ಒಂದು ಕಣ್ಣು ಮೊದಲೇ ಹೋಗಿತ್ತು, ಇನ್ನೊಂದಕ್ಕೆ ಪಟ್ಟಿ ಕಟ್ಟಿದ್ದರು. ಬಿಚ್ಚಿದ ಮೇಲೆ ಕಾಣುತ್ತದೆ ಎಂದು ಡಾಕ್ಟರೂ ಗಟ್ಟಿಯಾಗಿ ಹೇಳಿರಲಿಲ್ಲ. ನೋಡಿ ಬರೋಣವೆಂದು ಮಧ್ಯಾಹ್ನ ಹೋದೆ. ಬಾಗಿಲಲ್ಲೇ ಮಾವನ ದನಿ:

"ಈಗ ಅವ ಕಾರಿಂದ ಇಳ್ದ. ನೀಲಿ ಅಂಗಿ. ಕಾರು ಕೆಟ್ಟದೆ, ಫಿಲ್ಟರಿಗೆ ಕಸ ಸಿಕ್ಕಂಡದೆ ಕಾಣ್ತದೆ…"

ಮಲಗಿದವಳಿಗೆ ಈಗಲೂ ಅದೇ ಕಾಟವೇ ಎಂದು ಸಿಟ್ಟಿನಿಂದ ಒಳಗೆ ಕಾಲಿಟ್ಟೆ. ಟಿವಿ ಕಪ್ಪಗಿತ್ತು. ಮಿಷನ್ನು ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು, ಸ್ಕ್ರೂಗಳೆಲ್ಲ ಒಂದು ಬಟ್ಟಲಿನಲ್ಲಿ. ಮಾವ ನನ್ನನ್ನು ಕಂಡು ಬಾಯಿಯ ಮೇಲೆ ಬೆರಳಿಟ್ಟ.

"ಶಬ್ದ ಎಂತಕ್ಕಿಲ್ಲ?" ಎಂದು ಕೇಳಿದಳು ಅತ್ತೆ.

"ಶಬ್ದ ಬೇಡ ಅಂದಾರೆ ಡಾಕ್ಟ್ರು" ಎಂದವನೇ ಚಾ ಮಾಡಲು ಒಳಗೆ ಹೋದ.

ನಾನು ಹತ್ತಿರ ಕೂತೆ. ಅತ್ತೆ ತಡಕಾಡಿ ನನ್ನ ಕೈ ಹಿಡಿದು ಪಿಸುಗುಟ್ಟಿದಳು:

"ಮಿಷನ್ನು ಸತ್ತು ನಾಲ್ಕು ದಿನ ಆತು. ನಂಗೆ ಗೊತ್ತಿಲ್ಲ ಅಂದ್ಕಂಡಾರೆ. ನೀ ಎಂತದೂ ಹೇಳ್ಬೇಡ, ಹ್ಞಾಂ?" ಅಡುಗೆಮನೆಯ ಕಡೆ ಕಿವಿ ಕೊಟ್ಟಳು. "ನಿನ್ನೆ ಕತೇಲಿ ಹೆಂಗಸಿನ ಕಣ್ಣಿನ ಪಟ್ಟಿ ಬಿಚ್ಚಿದ್ರಂತೆ. ಅವ್ಳಿಗೆ ಎಲ್ಲಾ ಕಾಣ್ತಂತೆ. ಗಂಡನ ತಲೆಲಿ ಎಷ್ಟು ಬಿಳಿ ಕೂದ್ಲು ಅಂತ ಎಣಿಸಿದ್ಲಂತೆ."

ಮಾವ ಚಾ ಲೋಟ ಹಿಡಿದು ಬಂದ. "ಎಲ್ಲಿಗೆ ನಿಲ್ಸಿದ್ದೆ?"

"ಮೊದಲಿಂದ ಹೇಳು ಮಾವ" ಎಂದೆ, "ನಾನು ನೋಡಿಲ್ಲ."