ಅಡುಗೆಮನೆ ಮೂಲೆಗೊಂದು ಇನ್ಸೂರೆನ್ಸು

ನಮ್ಮ ಮನೆ ಇರುವುದು ಬಾಬುರಾಯನಕೊಪ್ಪಲಲ್ಲಿ. ಊರಲ್ಲಿ ಮಿಕ್ಕವರ ಮನೆಗಳೆಲ್ಲ ಕಟ್ಟಿದ ಜಾಗದಲ್ಲೇ ತೆಪ್ಪಗೆ ನಿಂತಿರುತ್ತವೆ. ನಮ್ಮದು ಮಾತ್ರ ಏನಾದರೊಂದು ತರಲೆ ಮಾಡದೆ ಒಂದು ಮಳೆಗಾಲ ಕಳೆಯುವುದಿಲ್ಲ. ನಾನೇನು ಕೇಳಿ ಪಡೆದ ಭಾಗ್ಯವಲ್ಲ ಇದು, ತಾತನ ಕಾಲದಿಂದ ಬಂದದ್ದು. ಆದರೆ ತೊಂಬತ್ತರ ದಶಕದಲ್ಲಿ ಆ ಮನೆಗೆ ಇನ್ಸೂರೆನ್ಸ್ ಮಾಡಿಸಲು ಹೊರಟೆನಲ್ಲ, ಆಗ ಪಟ್ಟ ಪಾಡು ಯಾರಿಗೂ ಬೇಡ. ಈಗ ಹೇಳುವಾಗ ನನಗೇ ನಗು ತಡೆಯುವುದಿಲ್ಲ.

೧. ಮುದ್ದೆ ಹೊರಟಿತು

ನಾನು ಶ್ರೀರಂಗಪಟ್ಟಣದ ಒಂದು ಶಾಲೆಯಲ್ಲಿ ಮೇಷ್ಟ್ರು. ಹೆಂಡತಿ ಕಿಕ್ಕೇರಿ ಕಡೆಯವಳು. ಆ ವರ್ಷ ಮಳೆ ಜೋರಾಗಿ, ಅಡುಗೆಮನೆಯ ಒಂದು ಮೂಲೆ ಕುಸಿಯಲು ಶುರುವಾಗಿತ್ತು. ಹಿಂದೆ ನಮ್ಮಪ್ಪನ ಕಾಲದಲ್ಲೂ ಕುಸಿದಿತ್ತಂತೆ. ಅಪ್ಪ ಮೇಲೊಂದಿಷ್ಟು ಗಾರೆ ಬಳಿದು ಸುಮ್ಮನಾಗಿದ್ದರು. ನಾನೂ ಅದೇ ವಂಶದವನು ತಾನೇ, ನಾಳೆ ನೋಡೋಣ ಅಂದುಕೊಂಡೇ ಇದ್ದೆ.

ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೇನೆ. ಹೆಂಡತಿ ಮುದ್ದೆ ಕಟ್ಟಿ ಮಣೆ ಮೇಲಿಟ್ಟು, ಸಾರು ತರಲು ಆಚೆ ತಿರುಗಿದಳು. ಮುದ್ದೆ ಮೆಲ್ಲಗೆ ಅಲುಗಾಡಿತು, ಮಣೆಯಿಂದ ಇಳಿಯಿತು, ಉರುಳುತ್ತಾ ಉರುಳುತ್ತಾ ಹೋಗಿ ಆ ಮೂಲೆಯಲ್ಲಿ ಕೂತಿತು. ನನಗೋ ತಡೆಯಲಾರದ ನಗು. ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳು ನಗಲಿಲ್ಲ.

"ಇವತ್ತು ಮುದ್ದೆ ಹೋಯ್ತು, ನಾಳೆ ಮಗು ಹೋಯ್ತದೆ. ನಮ್ಮಣ್ಣ ಟ್ರಾಕ್ಟರಿಗೇ ಇನ್ಸೂರೆನ್ಸ್ ಮಾಡ್ಸವ್ನೆ, ನನ್ ಅಡುಗೆಮನೆ ಅದಕ್ಕಿಂತ ಕಡೆಯಾ? ಕಂಪ್ನಿಯೋರು ಬಂದು ನೋಡಿ, ಗಟ್ಟಿಯಾಗಿ ಅದೆ ಅಂತ ಸೀಲು ಒತ್ತಿದ ಕಾಗ್ದ ಕೊಡ್ಲಿ. ಅಲ್ಲೀಗಂಟ ತವರಲ್ಲಿರ್ತೀನಿ, ಆಮ್ಯಾಕೆ ಬತ್ತೀನಿ" ಅಂದಳು.

ತಮಾಷೆ ಅಂದುಕೊಂಡೆ. ಸಂಜೆ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಮಗಳನ್ನು ಸೊಂಟಕ್ಕೇರಿಸಿಕೊಂಡು ಕಿಕ್ಕೇರಿ ಬಸ್ಸು ಹತ್ತಿಬಿಟ್ಟಿದ್ದಳು. ಒಲೆಯ ಹತ್ತಿರ ನನ್ನ ತಟ್ಟೆ ಇತ್ತು, ತಟ್ಟೆಯಲ್ಲಿ ರಾತ್ರಿಗೆ ಅಂತ ಹೊಸದಾಗಿ ಕಟ್ಟಿದ ಮುದ್ದೆ. ತಟ್ಟೆ ಜಾರದಂತೆ ಪಕ್ಕಕ್ಕೊಂದು ಕಲ್ಲು ಒರಗಿಸಿ ಹೋಗಿದ್ದಳು.

೨. ಸಾಹೇಬರ ಅತ್ತೆ

ಅವಳಿಲ್ಲದ ಮನೆ ಬಿಕೋ ಅನ್ನುತ್ತಿತ್ತು. ಬಸ್ ಸ್ಟ್ಯಾಂಡ್ ಹೋಟೆಲಿನ ಇಡ್ಲಿ ತಿಂದು ತಿಂದು ನಾಲಿಗೆ ಜಡ್ಡುಗಟ್ಟಿತು. ಕೊನೆಗೆ ನಾಗಮಂಗಲ ಕಡೆಯ ಒಬ್ಬ ಏಜೆಂಟನ್ನು ಹಿಡಿದುಕೊಂಡು ಮೈಸೂರಿನ ಇನ್ಸೂರೆನ್ಸ್ ಆಫೀಸಿಗೆ ಹೋದೆ.

ಸಾಹೇಬರು ಮೊದಲು ಕೇಳಿದ್ದೇ, ಮನೆ ಹಿಂದೆ ಯಾವಾಗಲಾದರೂ ಕುಸಿದಿತ್ತಾ ಅಂತ. ಏಜೆಂಟು ಮೇಜಿನ ಕೆಳಗೆ ನನ್ನ ಕಾಲು ತುಳಿದ. ಇಲ್ಲ ಅನ್ನು ಅಂತ ಅದರ ಅರ್ಥವಂತೆ, ನನಗೆ ಎಲ್ಲಿ ತಿಳಿಯಬೇಕು? ಯಾಕ್ರೀ ತುಳೀತೀರಿ ಅಂತ ಅವನನ್ನೇ ಗದರಿ, ಅಪ್ಪನ ಕಾಲದ ಕುಸಿತದಿಂದ ಹಿಡಿದು ಮುದ್ದೆಯವರೆಗೆ ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿದೆ. ಏಜೆಂಟು ಹಣೆ ಚಚ್ಚಿಕೊಂಡ.

ಯಾಕೆ ಕುಸಿಯುತ್ತೆ ಅಂತ ಕೇಳಿದರು. ಕೆಳಗೆ ಹಗೇವು ಇದೆ ಸಾರ್ ಅಂದೆ. ಸಾಹೇಬರು ಪೇಟೆಯವರು, ಹಗೇವು ಕಂಡವರಲ್ಲ. ಹಿಂದಿನವರು ರಾಗಿ ತುಂಬಿಡಲು ತೋಡುತ್ತಿದ್ದ ಗುಂಡಿ, ಬಾಯಿ ಸಣ್ಣದು, ಒಳಗೆ ಆಳು ನಿಲ್ಲುವಷ್ಟು ಅಗಲ, ನಮ್ಮ ತಾತ ಅದರ ಬಾಯಿ ಮೇಲೆ ಚಪ್ಪಡಿ ಎಳೆದು ಅಡುಗೆಮನೆ ಕಟ್ಟಿಬಿಟ್ಟ ಅಂತ ವಿವರಿಸಿದೆ. ರಾಗಿ ಈಗಲೂ ಇದೆಯಾ ಅಂದರು. ಇಲ್ಲ ಅಂದೆ. ಹಾಗಾದರೆ ಮನೆ ಗಾಳಿಯ ಮೇಲೆ ನಿಂತಿದೆ, ಗುಂಡಿ ಮುಚ್ಚಿಸಿ, ಆಮೇಲೆ ನಮ್ಮ ಸರ್ವೇಯರು ಬಂದು ನೋಡುತ್ತಾರೆ ಅಂದರು.

ಎದ್ದು ಬರುವಾಗ ಅವರೇ ಬಾಗಿಲವರೆಗೂ ಬಂದು ನನ್ನನ್ನು ಪಕ್ಕಕ್ಕೆ ಕರೆದರು. ಅವರ ಹೆಂಡತಿಯ ತವರುಮನೆ ಕೆ.ಆರ್. ಪೇಟೆ ಹತ್ತಿರವಂತೆ, ಅತ್ತೆ ಮಲಗುವ ಕೋಣೆಯ ನೆಲವೂ ಸ್ವಲ್ಪ ತಗ್ಗಾಗಿದೆಯಂತೆ, ಕೆಳಗೆ ಹಗೇವು ಇರಬಹುದಾ ಅಂದರು. ಖಂಡಿತ ಇರಬಹುದು ಸಾರ್ ಅಂದೆ. ಪಾಪ, ಹೇಗೆ ಮುಚ್ಚಿಸಬೇಕು ಅಂತ ಕೇಳುತ್ತಾರೇನೋ ಅಂದುಕೊಂಡೆ. ಪೂರ್ತಿ ಕುಸಿಯಲು ಇನ್ನೆಷ್ಟು ದಿನ ಬೇಕಾಗಬಹುದು ಅಂತ ಕೇಳಿದರು.

೩. ಅರ್ಧ ಗುಂಡಿಯ ಯಜಮಾನ

ಹಗೇವಿನ ಬಾಯಿ ತೆಗೆಸಿದ ಸುದ್ದಿ ಪಾಂಡವಪುರ ಮುಟ್ಟಿತು. ಅಲ್ಲಿರುವ ನಮ್ಮ ದೊಡ್ಡಪ್ಪನ ಮಗ ಮಾರನೇ ದಿನವೇ ಹಾಜರಾದ. ಬಗ್ಗಿ ನೋಡಿದ. ಒಳಗೆ ಕತ್ತಲೆ ಬಿಟ್ಟರೆ ಏನೂ ಇಲ್ಲ.

"ಲೇ ತಮ್ಮ, ಭಾಗ ಆದಾಗ ಮನೆ ನಿಂಗೆ, ಗದ್ದೆ ನಂಗೆ ಅಂತ ಆಯ್ತು. ಹಗೇವಿನ ಮಾತೇ ಬರ್ನಿಲ್ಲ ಕಣ್ಲಾ. ಇದ್ರಲ್ಲಿ ಅರ್ಧ ನಂದು" ಅಂದ.

ಬರೀ ಗುಂಡಿ ಕಣಣ್ಣ, ಇದರಲ್ಲಿ ಏನು ಭಾಗ ಅಂದೆ. ಗುಂಡಿನೇ ಆಗಲಿ, ನಿನ್ನ ಅರ್ಧಕ್ಕೆ ನೀನು ಮಣ್ಣು ಹಾಕಿಕೋ, ನನ್ನ ಅರ್ಧ ಹಾಗೇ ಇರಲಿ ಅಂದ. ನನ್ನ ಸಂಸಾರ ಕಿಕ್ಕೇರಿಯಲ್ಲಿ ಕೂತಿದೆ, ಇವನು ಇಲ್ಲಿ ಗಾಳಿ ಪಾಲು ಕೇಳುತ್ತಿದ್ದಾನೆ. ಮೈಯೆಲ್ಲ ಉರಿದುಹೋಯಿತು. ಆಯ್ತು ಬುಡಣ್ಣ, ನಾನು ನನ್ನ ಕಡೆಗೇ ಹಾಕುತ್ತೇನೆ, ನನ್ನ ಮಣ್ಣು ನಿನ್ನ ಕಡೆಗೆ ಜಾರಿದರೆ ನೀನೇ ನೋಡಿಕೋ ಅಂದೆ.

ಅಷ್ಟೇ ಸಾಕಾಯಿತು. ನಿನ್ನ ಮಣ್ಣು ನನ್ನ ಭಾಗಕ್ಕೆ ಯಾಕೆ ಬೀಳಬೇಕು ಅಂತ ಕೆರಳಿ ಹೋದವನು ಬೆಳಿಗ್ಗೆ ತೊಣ್ಣೂರು ಕಡೆಯಿಂದ ಟ್ರಾಕ್ಟರು ತುಂಬ ಮಣ್ಣು, ಕಲ್ಲು ಹೇರಿಸಿಕೊಂಡು ಬಂದ. ತಾನೇ ಪಂಚೆ ಎತ್ತಿಕಟ್ಟಿ ದಿಮ್ಮಸು ಹಿಡಿದು ಕುಟ್ಟಿದ. ನನ್ನ ಕಡೆಗಿಂತ ಅವನ ಕಡೆಯೇ ಗಟ್ಟಿಯಾಯಿತು. ಮೇಲೆ ಚಪ್ಪಡಿ ಹಾಸಿ ಮಟ್ಟ ಮಾಡಿಸಿದೆ. ಇವತ್ತಿಗೂ ಹಬ್ಬಕ್ಕೆ ಬಂದರೆ ಮೊದಲು ಅಡುಗೆಮನೆಗೆ ಹೋಗಿ, ತನ್ನ ಮಣ್ಣು ತನ್ನ ಜಾಗದಲ್ಲೇ ಇದೆಯಾ ಅಂತ ಕಾಲಲ್ಲಿ ಒತ್ತಿ ನೋಡುತ್ತಾನೆ.

೪. ಅಕ್ಕಪಕ್ಕದವರ ಪ್ರೀತಿ

ಸರ್ವೇಯರು ಬರುವ ಹಿಂದಿನ ದಿನ ಪಕ್ಕದ ಮನೆ ಗೌಡರಿಗೆ, ನಾಳೆ ಸಾಹೇಬರು ಮನೆ ನೋಡಲು ಬರುತ್ತಾರೆ ಅಂತ ಹೇಳಿದ್ದೆ. ನಾನು ಮಾಡಿದ ದೊಡ್ಡ ಎಡವಟ್ಟು ಅದು.

ನಮ್ಮೂರಿಗೆ ಟೇಪು ಹಿಡಿದು ಸಾಹೇಬರು ಬರುವುದು ಒಂದೇ ಕಾರಣಕ್ಕೆ, ಮಳೆಗೆ ಬಿದ್ದ ಮನೆಗೆ ಪರಿಹಾರ ಬರೆಯಲು. ಹಿಂದೊಮ್ಮೆ ಗೌಡರ ಮನೆಗೆ ಬಂದಾಗ ಅವರು ಮರ್ಯಾದೆಗೆ ಅಂಜಿ, ಹೆಚ್ಚೇನಿಲ್ಲ ಸಾಮಿ, ಒಂದು ಗೋಡೆ ಅಷ್ಟೇ ಅಂದುಬಿಟ್ಟಿದ್ದರು. ಬಿಡಿಗಾಸೂ ಬರಲಿಲ್ಲ. ಮೇಷ್ಟ್ರಿಗೆ ಹಾಗಾಗಬಾರದು ಅಂತ ಅವರು ಪಣ ತೊಟ್ಟರು.

ನಾನು ಸರ್ವೇಯರಿಗಾಗಿ ಮೈಸೂರು ರಸ್ತೆಯ ಬಸ್ ಸ್ಟಾಪಲ್ಲಿ ಕಾಯುತ್ತಾ ನಿಂತಿದ್ದೆ. ಅವರು ಸ್ಕೂಟರಿನಲ್ಲಿ ಹಿಂದಿನ ದಾರಿಯಿಂದ ಊರು ಸೇರಿದ್ದರು. ಸಾಕಾಗಿ ವಾಪಸು ಬಂದು ನೋಡುತ್ತೇನೆ, ನನ್ನ ಮನೆ ನನಗೇ ಗುರುತು ಸಿಗಲಿಲ್ಲ. ಗೌಡರು ಜನ ಸೇರಿಸಿ ಮುಂದಿನ ಚಾವಣಿಯ ಹೆಂಚು ಅರ್ಧ ಇಳಿಸಿದ್ದಾರೆ. ಗಟ್ಟಿಮುಟ್ಟಾದ ಗೋಡೆಗೆ, ಈಗಲೋ ಆಗಲೋ ಬೀಳುವ ಹಾಗೆ, ಬಿದಿರಿನ ಊರೆ ಕೊಟ್ಟಿದ್ದಾರೆ. ತೇವ ಕಾಣಲಿ ಅಂತ ಬಿಂದಿಗೆಗಟ್ಟಲೆ ನೀರು ಸುರಿದಿದ್ದಾರೆ. ಗೌಡರ ತಾಯಿ ಜಗಲಿ ಮೇಲೆ ಕೂತು, ಇವತ್ತೋ ನಾಳೆಯೋ ಅನ್ನಂಗದೆ ಸಾಮಿ ಅಂತ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾರೆ.

ಇಲ್ಲ ಸಾರ್, ಮನೆ ಗಟ್ಟಿಯಾಗಿದೆ ಅಂತ ನಾನು ಬಡಕೊಂಡೆ. ಗೌಡರು ನನ್ನ ತೋಳು ಜಗ್ಗಿದರು. "ಸುಮ್ಕಿರಿ ಮೇಷ್ಟ್ರೆ, ನಿಮ್ಗೆ ತಿಳಿಯಾಕಿಲ್ಲ. ಬೀಳ್ತದೆ ಅಂದಷ್ಟೂ ಜಾಸ್ತಿ ಬರೀತಾರೆ."

ನನಗೆ ಅಳುವೇ ಬಂತು. ಇನ್ನು ಕಾಗದವೂ ಇಲ್ಲ, ಕಿಕ್ಕೇರಿಯಿಂದ ಹೆಂಡತಿಯೂ ಇಲ್ಲ, ಸಾಯುವವರೆಗೆ ಇಡ್ಲಿಯೇ ಗತಿ. ಸರ್ವೇಯರು ಪೆನ್ನು ಮುಚ್ಚಿ ಜೇಬಿಗಿಟ್ಟುಕೊಂಡರು. ಬೇಕಾದಷ್ಟು ಬೀಳುವ ಮನೆ ನೋಡಿದ್ದೇನೆ ಮೇಷ್ಟ್ರೆ, ಅಕ್ಕಪಕ್ಕದವರು ಇಷ್ಟು ಪ್ರೀತಿಯಿಂದ ಬೀಳಿಸುತ್ತಿರುವ ಮನೆ ಇದೇ ಮೊದಲು ಅಂದರು.

೫. ವಿಮಾನ ಬಿದ್ದರೂ

ಗೌಡರು ಇನ್ನೊಂದು ಘನಕಾರ್ಯ ಮಾಡಿದ್ದರು. ಪರಿಹಾರ ಬರೆಯುವಾಗ ಮನೆಯಾಕೆ ಎದುರಿಗೆ ನಿಂತು ಅತ್ತರೆ ಕೆಲಸ ಚೆನ್ನಾಗಿ ಆಗುತ್ತದೆ ಅಂತ ಬೆಳಿಗ್ಗೆಯೇ ಕಿಕ್ಕೇರಿ ಬಸ್ಸಿನ ಕಂಡಕ್ಟರ್ ಕೈಲಿ ನನ್ನ ಹೆಂಡತಿಗೆ ಹೇಳಿ ಕಳಿಸಿದ್ದರು. ಕಂಡಕ್ಟರಿಗೆ ಅಷ್ಟುದ್ದ ಹೇಳಲು ಪುರುಸೊತ್ತೆಲ್ಲಿ? ಮನೆ ಬಿದ್ದೋಯ್ತಂತೆ, ಬೇಗ ಬರಬೇಕಂತೆ ಅಂತ ಚುಟುಕಾಗಿ ಮುಟ್ಟಿಸಿದ್ದ.

ಸರ್ವೇಯರು ಸ್ಕೂಟರು ಒದೆಯುತ್ತಿದ್ದರು. ಅಷ್ಟರಲ್ಲಿ ಮಗಳನ್ನು ಎತ್ತಿಕೊಂಡು, ಕೂದಲು ಕೆದರಿಕೊಂಡು ಅವಳು ಓಡಿ ಬಂದಳು. ನನ್ನನ್ನು ತಲೆಯಿಂದ ಕಾಲವರೆಗೆ ನೋಡಿದಳು. ಇದ್ದೀರಾ ಅಂದಳು. ಇದ್ದೀನಿ ಅಂದೆ. ಅವಳ ಕಣ್ಣು ತುಂಬಿತ್ತು, ನನ್ನದೂ. ಆಮೇಲೆ ಹೆಂಚು ನೋಡಿದಳು, ಬಿದಿರು ನೋಡಿದಳು. ಅಳವ್ವ, ಈಗ ಅಳು ಅಂತ ಗೌಡರು ಕೈಸನ್ನೆ ಮಾಡುತ್ತಿದ್ದರು.

"ಯಾರು ಹೇಳಿದ್ದು ನಮ್ಮನೆ ಬೀಳ್ತದೆ ಅಂತ?" ಅಂದಳು. ಗೌಡರ ತಾಯಿ ಅಳುವುದನ್ನು ಅರ್ಧಕ್ಕೇ ನಿಲ್ಲಿಸಿದರು.

ಮಗಳನ್ನು ನನ್ನ ಕೈಗೆ ತುರುಕಿ, ಸೆರಗು ಸಿಕ್ಕಿಸಿ, ಸರ್ವೇಯರನ್ನು ಸೀದಾ ಅಡುಗೆಮನೆಗೆ ಕರೆದುಕೊಂಡು ಹೋದಳು. ಯಾವ ಮೂಲೆಗೆ ಹೆದರಿ ತವರು ಸೇರಿದ್ದಳೋ ಅದೇ ಮೂಲೆಯಲ್ಲಿ ನಿಂತು ಧಡಧಡ ಕುಣಿದಳು. ಪಾತ್ರೆಗಳೆಲ್ಲ ಗಲಗಲ ಅಂದವು. ಕುಸೀತಾ ಸಾರ್, ಏನಾರ ಅಳ್ಳಾಡ್ತಾ ಅಂತ ಕೇಳುತ್ತಾ ಮತ್ತೆ ಕುಣಿದಳು. ಸಾಕು ತಾಯಿ, ನಂಬಿದೆ ಅಂತ ಸರ್ವೇಯರು ಕೈ ಮುಗಿದರು. ನೆಲ ಸಮ ಇದೆಯಾ ಅಂತ ರಸಮಟ್ಟ ಇಟ್ಟು ನೋಡಿ ತಲೆಯಾಡಿಸಿ, ಇಷ್ಟು ಗಟ್ಟಿ ಮನೆ ಬಿಟ್ಟು ಎಲ್ಲಿಗೆ ಹೋಗಿದ್ರಿ ಅಂದರು. ತವರಿಗೆ, ಹೆಣ್ಮಕ್ಕಳು ತವರಿಗೆ ಹೋಗಬಾರದಾ ಅಂದಳು.

ಕೆಲವು ದಿನ ಬಿಟ್ಟು ಪಾಲಿಸಿ ಬಂತು, ಸೀಲು ಸಮೇತ. ಅವಳು ಮುದ್ದೆ ತಿರುವುತ್ತಿದ್ದಳು, ನಾನು ಓದಿ ಹೇಳುತ್ತಿದ್ದೆ. ಬೆಂಕಿ ಬಿದ್ದರೆ ಕೊಡುತ್ತಾರೆ, ಸಿಡಿಲು ಬಡಿದರೆ ಕೊಡುತ್ತಾರೆ, ಪ್ರವಾಹ ಬಂದರೆ, ದೊಂಬಿಯಾದರೆ, ವಿಮಾನ ಬಿದ್ದರೂ ಕೊಡುತ್ತಾರೆ. ಕೊಪ್ಪಲ ಮೇಲೆ ವಿಮಾನ ಬೀಳ್ತದಾ ಅಂತ ಅವಳಿಗೆ ಒಳಗೊಳಗೇ ಹೆಮ್ಮೆ. ಕೊನೆಯ ಸಾಲಿಗೆ ಬಂದೆ. ಹಿಂದೆ ಕುಸಿದ ಮನೆಯಾದ್ದರಿಂದ ಕುಸಿತವೊಂದಕ್ಕೆ ಮಾತ್ರ ಏನೂ ಕೊಡುವುದಿಲ್ಲ ಅಂತಿತ್ತು. ಗೋಡೆಯ ಗೂಟಕ್ಕೆ ನೇತುಹಾಕಿದ ಅವಳ ಬ್ಯಾಗು ನೋಡಿದೆ, ಕಿಕ್ಕೇರಿ ಬಸ್ಸು ನೆನಪಾಯಿತು. ಆದದ್ದಾಗಲಿ ಅಂತ ಅದನ್ನೂ ಓದಿದೆ.

ಅವಳು ಕೋಲು ನಿಲ್ಲಿಸಲೇ ಇಲ್ಲ. "ಮತ್ತಿನ್ನೇನು? ಅವ್ರ ಎದ್ರಿಗೇ ನಾನು ಕುಣ್ದು ತೋರ್ಸಿಲ್ವಾ? ಕುಸೀದೇ ಇರೋ ಮನೆಗೆ ಕುಸಿತದ ದುಡ್ಡು ಯಾಕೆ ಇಕ್ತಾರೆ? ಸರಿಯಾಗೇ ಬರ್ದವ್ರೆ" ಅಂದಳು.

ಆ ಕಾಗದ ಈಗಲೂ ದೇವರ ಪಟದ ಹಿಂದೆ ಇದೆ. ಅವತ್ತು ಅವಳು ಮುದ್ದೆ ಕಟ್ಟಿ ನನ್ನ ತಟ್ಟೆಗೆ ಹಾಕಿದಳು. ಹಾಕಿ, ಒಂದು ಗಳಿಗೆ ಅದನ್ನೇ ನೋಡಿ, ಆ ಹಳೇ ಕಲ್ಲನ್ನು ತಟ್ಟೆಯ ಪಕ್ಕಕ್ಕೆ ಮೆಲ್ಲಗೆ ಒರಗಿಸಿದಳು.