ಪನೋರ್ಮೀತಿಸನ ಮನಸ್ಸು ನೆಟ್ಟಗಿದೆ

ಗ್ರೀಸಿನ ಆ ಪುಟ್ಟ ದ್ವೀಪಕ್ಕಿದ್ದದ್ದು ಒಂದೇ ಬಸ್ಸು, ಅದಕ್ಕೆ ಒಬ್ಬನೇ ಡ್ರೈವರು ಪನೋರ್ಮೀತಿಸ್. ಅವನ ಬಸ್ಸು ಸವರದ ಗೋಡೆ ಊರಲ್ಲಿರಲಿಲ್ಲ. ಕೇಳಿದರೆ, “ಗೋಡೆ ಕಟ್ಟಿದ್ದೇ ತಪ್ಪು” ಅನ್ನುತ್ತಿದ್ದ. ಹಾಸಿಗೆಗೆ ಬಿದ್ದರೆ ಕೊರಡಿನಂತೆ ನಿದ್ದೆ.

ತಕರಾರು ತಂದದ್ದು ಒಂದು ಕಾಗದ. ಅರವತ್ತು ದಾಟಿದವನು ಬಸ್ಸು ಓಡಿಸಬೇಕಾದರೆ ಮನಸ್ಸು ನೆಟ್ಟಗಿದೆಯೆಂದು ಮನೋವೈದ್ಯರ ಸಹಿ ಬೇಕಂತೆ. ಅಥೆನ್ಸಿನ ಡಾಕ್ಟರಮ್ಮ ಬೆಳಗಿನ ಹಡಗಿಗೆ ಬಂದು ಸಂಜೆಯ ಹಡಗಿಗೆ ಹೊರಡುವವರು. ಅಷ್ಟರೊಳಗೆ ಸಹಿ ಬೀಳದಿದ್ದರೆ ಬಸ್ಸಿನ ಕೀಲಿ ಪುರಸಭೆಗೆ.

“ಜಂಬ ಕೊಚ್ಕೋಬೇಡ ಕಣೋ,” ಎಂದ ಕಾಫಿ ಅಂಗಡಿಯ ಥೆಮಿಸ್. “ನಾನೇ ರಾಜ ಅನ್ನೋರನ್ನೆಲ್ಲ ಹುಚ್ಚಾಸ್ಪತ್ರೇಲಿ ಇಟ್ಟಿರ್ತಾರೆ.”

“ಹೊಗಳ್ಕೊಂಡ್ರೆ ದೃಷ್ಟಿ ಬೇರೆ ತಾಕತ್ತೆ,” ಎಂದಳು ಹೆಂಡತಿ ಕಲ್ಲಿಯೋಪಿ. “ಇದ್ದದ್ದನ್ನ ಇದ್ದ ಹಾಗೆ ಹೇಳ್ರೀ, ಒಂದ್ಸಲನಾದ್ರೂ.”

ಡಾಕ್ಟರಮ್ಮನ ಎದುರು ಕೂತು ಪನೋರ್ಮೀತಿಸ್ ಹಾಗೇ ಹೇಳಿದ. “ನಾನು ಸಾಧಾರಣ ಡ್ರೈವರು ಡಾಕ್ಟ್ರಮ್ಮ. ಬೇಕರಿ ಗೋಡೆಗೆ ನಾಲ್ಕು ಸಲ ಗುದ್ದಿದೀನಿ, ಇಗರ್ಜಿ ಮೆಟ್ಟಿಲಿಗೆ ಎರಡು ಸಲ. ತಪ್ಪೆಲ್ಲ ನಂದೇ.”

ಡಾಕ್ಟರಮ್ಮನ ಮುಖ ಬಾಡಿದ ಬದನೆಕಾಯಿಯಾಯಿತು. “ಪಾಪ! ಎಷ್ಟು ದಿನದಿಂದ ಹೀಗೆ? ಆರೋಗ್ಯವಂತರು ತಾವು ಇರೋದಕ್ಕಿಂತ ಒಂದು ಚೂರು ಮೇಲೇ ಅಂದ್ಕೊಂಡಿರ್ತಾರೆ. ತನ್ನ ತಪ್ಪು ಇಷ್ಟು ಚೆನ್ನಾಗಿ ಕಾಣೋನು ಒಳಗೊಳಗೇ ಕುಸಿದಿರ್ತಾನೆ. ಆರು ತಿಂಗಳು ಬಸ್ಸು ಮುಟ್ಟಬೇಡಿ.”

ಬಾಗಿಲತನಕ ಹೋದವನು ಗಿರ್ರನೆ ತಿರುಗಿದ. “ಅಯ್ಯೋ, ಅದೆಲ್ಲ ಊರಿನೋರು ಹೇಳ್ಕೊಟ್ಟಿದ್ದಮ್ಮ! ಇಡೀ ಗ್ರೀಸ್ ದೇಶದಲ್ಲಿ ನನ್ನಂಥ ಡ್ರೈವರಿಲ್ಲ!” ಎಂದವನೇ ಗಾಬರಿಯಾಗಿ, ದೃಷ್ಟಿ ತಾಕದಿರಲೆಂದು ತನ್ನ ಎದೆಗೇ ಮೂರು ಸಲ ಉಗಿದುಕೊಂಡ. “ಫ್ತೂ, ಫ್ತೂ, ಫ್ತೂ!”

ಡಾಕ್ಟರಮ್ಮ ಅರಳಿದರು. “ಬರೀ ಬಾಯಿಮಾತಾಗಿದ್ರೆ ಉಗೀತಿರ್ಲಿಲ್ಲ. ದೃಷ್ಟಿ ಬೀಳೋಷ್ಟು ದೊಡ್ಡೋನು ಅಂತ ನಂಬಿದೀರಲ್ಲ, ಭೇಷ್!” ಸಹಿ ಬಿತ್ತು.

ಸಂಜೆ ಅವರನ್ನು ಬಂದರಿಗೆ ಬಿಡಲು ಬಸ್ಸು ಹೊರಟಿತು. ಬೇಕರಿ ತಿರುವು ಬಂತು. ಬೆಳಿಗ್ಗೆ ಬಾಯಾರೆ ನಿಜ ಹೇಳಿದ್ದೇ ತಪ್ಪಾಯಿತು ನೋಡಿ, ಮೂವತ್ತು ವರ್ಷದಲ್ಲಿ ಮೊದಲ ಸಲ ಅವನಿಗೆ ಗೋಡೆ ಕಂಡಿತು! ಬ್ರೇಕಿನಿಂದ ಕಾಲು ತೆಗೆಯಲೇ ಇಲ್ಲ. ಬಸ್ಸು ಬಸವನಹುಳದಂತೆ ತೆವಳತೊಡಗಿತು. ಬಂದರಿನಲ್ಲಿ ಹಡಗು ಕೂಗಿತು.

“ಸರೀರಿ ಆಕಡೆ!” ಎಂದು ಸ್ಟೀರಿಂಗು ಹಿಡಿದರು ಡಾಕ್ಟರಮ್ಮ. “ಅಥೆನ್ಸಲ್ಲಿ ಕಾರು ಓಡಿಸೋಳಿಗೆ ಇದ್ಯಾವ ಮಹಾ?”

ಬಸ್ಸು ಬೇಕರಿ ದಾಟಿತು, ಇಗರ್ಜಿ ದಾಟಿತು, ಬಂದರು ಕಟ್ಟೆಯನ್ನೂ ದಾಟಿತು.

ಸೊಂಟಮಟ್ಟದ ನೀರಲ್ಲಿ ಪನೋರ್ಮೀತಿಸ್ ಸಹಿಯಾದ ಕಾಗದವನ್ನು ತಲೆಯ ಮೇಲೆತ್ತಿ ಹಿಡಿದು ನಿಂತಿದ್ದ. ಕಾಗದ ಒದ್ದೆಯಾಗಿರಲಿಲ್ಲ. ಬಸ್ಸಿನ ಮೂತಿ ಮಾತ್ರ ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಡಾಕ್ಟರಮ್ಮ ಲಂಗ ಹಿಂಡಿಕೊಳ್ಳುತ್ತ, ನೆರೆದ ಊರಿಗೆಲ್ಲ ಕೇಳುವಂತೆ ಹೇಳಿದರು:

“ಕಟ್ಟೆ ಕಟ್ಟಿದ್ದೇ ತಪ್ಪು.”