ಆಯವ್ಯಯದಲ್ಲಿ ನಮ್ಮ ಕಾಲುಸಂಕ

ಇಂದು ಮಾರ್ಚ್ ಮೂವತ್ತೊಂದು, ಸರ್ಕಾರದ ಆರ್ಥಿಕ ವರ್ಷದ ಕೊನೆಯ ದಿನ. ಎರಡು ಕ್ಯಾಲೆಂಡರುಗಳಲ್ಲಿ ತಾಳೆ ನೋಡಿದ್ದೇನೆ. ಆಧಾರ: ರಾಜ್ಯದ ಆಯವ್ಯಯ ಸಂಪುಟಗಳು, ರಿಪ್ಪನ್‌ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ ಸ್ಪೈರಲ್ ಹಾಕಿಸಿದ ಪ್ರತಿ. ಶಾಸನ, ಕೈಫಿಯತ್ತುಗಳನ್ನು ಓದುತ್ತಲೇ ನಿವೃತ್ತನಾದ ನಾನು, ವರ್ಷವರ್ಷವೂ ಹೊರಬರುವ ಇಂಥದೊಂದು ಮಹಾಗ್ರಂಥವನ್ನು ಅಷ್ಟು ಕಾಲ ತೆರೆದೇ ನೋಡಿರಲಿಲ್ಲವೆಂದು ಮೊದಲೇ ಒಪ್ಪಿಕೊಳ್ಳುತ್ತೇನೆ.

ತೆರೆಸಿದವರು ಲಲಿತಕ್ಕ. ಅವರ ಮನೆ ಹಳ್ಳದ ಆಚೆ. ದಿನಕ್ಕೆರಡು ಹೊತ್ತು ಹಾಲಿನ ಕ್ಯಾನು ಹಿಡಿದು ಈಚೆಯ ಡೇರಿಗೆ ಬರುತ್ತಾರೆ. ಕಾಲುಸಂಕವೆಂಬ ಕಿರುಸೇತುವೆ ಇಲ್ಲದ್ದರಿಂದ ಮಳೆಗಾಲದಲ್ಲಿ ದಾಟುವುದು ಅಡಿಕೆ ಮರ ಸೀಳಿ ಹಾಸಿದ ಎರಡು ದಬ್ಬೆಗಳ ಮೇಲೆ. ಹೋದ ಆಷಾಢದಲ್ಲಿ ಕಾಲು ಜಾರಿ ಕ್ಯಾನು ನೀರುಪಾಲಾಯಿತು. ಅವರು ದಂಡೆಯ ಮರದ ಬೇರು ಹಿಡಿದು ಉಳಿದರು. “ಸಾರ್, ಸರ್ಕಾರದೋರು ಕಾಲುಸಂಕಕ್ಕೆ ದುಡ್ಡಿಟ್ಟಿದಾರಂತೆ. ನೀವು ಓದಿದೋರು, ಹೌದಾ ಅಲ್ದಾ ನೋಡಿ ಹೇಳಿ. ಇನ್ನೊಂದ್ ಮಳೆಗಾಲ ಆ ದಬ್ಬೆ ಮೇಲೆ ನನ್ ಕೈಲಾಗಲ್ಲ” ಎಂದರು.

ನೋಡಿದೆ, ನೋಡುತ್ತ ಬೆರಗಾದೆ. ನಾವು ಇತಿಹಾಸದವರು ಒಂದು ಘಟನೆಗೆ ಒಂದೇ ಪಾಠ ನಿಲ್ಲಿಸಲು ಜನ್ಮ ಸವೆಸುತ್ತೇವೆ. ಇಲ್ಲಿ ಒಂದೇ ವರ್ಷಕ್ಕೆ ಮೂರು ಪಾಠಗಳು: ಮೊದಲ ಅಂದಾಜು, ಪರಿಷ್ಕೃತ ಅಂದಾಜು, ಕಡೆಗೆ ವಾಸ್ತವ ಲೆಕ್ಕ. ಒಂದು ಇನ್ನೊಂದನ್ನು ಒಪ್ಪುವುದಿಲ್ಲ. ಆದರೂ ಯಾವ ಮುಜುಗರವೂ ಇಲ್ಲದೆ ಮೂರನ್ನೂ ಮುದ್ರಿಸುತ್ತಾರೆ. ಇಷ್ಟು ಪ್ರಾಮಾಣಿಕತೆಯನ್ನು ನಾನು ವಿದ್ವತ್ ಪತ್ರಿಕೆಗಳಲ್ಲೂ ಕಂಡಿಲ್ಲ. ಕೊರತೆಯ ಭಾಗವಂತೂ ಕೈಮುಗಿಯುವಂಥದು. ಕಂದಾಯ ಕೊರತೆ, ವಿತ್ತೀಯ ಕೊರತೆ, ಪ್ರಾಥಮಿಕ ಕೊರತೆ ಎಂದು ಇಲ್ಲದ ಹಣಕ್ಕೂ ಗೋತ್ರ, ಪ್ರವರ! ತಿಂಗಳು ಮುಗಿಯುವ ಮುನ್ನವೇ ನನ್ನ ಪಿಂಚಣಿ ಮುಗಿದಾಗ, ಇದು ವಿತ್ತೀಯ ಕೊರತೆ ಎಂದು ಮಡದಿ ಸಾವಿತ್ರಿಗೆ ಗಂಭೀರವಾಗಿ ವಿವರಿಸಿದೆ. “ಹೆಸರಿಟ್ರೆ ಡಬ್ಬ ತುಂಬುತ್ತಾ? ಮೊದ್ಲು ಸೊಸೈಟಿಗೆ ಹೋಗಿ ಬೆಲ್ಲ ತನ್ನಿ” ಎಂದಳು.

ಐದನೆಯ ದಿನ, ಕಣ್ಣು ಮಂಜಾಗುವ ಹೊತ್ತಿಗೆ, ಕಾಲುಸಂಕಗಳ ನಿರ್ಮಾಣ ಎಂಬ ಸಾಲು ಸಿಕ್ಕಿತು. ಹಣವಿತ್ತು. ಆದರೆ ನಮ್ಮ ಹಳ್ಳ ಆ ಸಾಲಿನವರೆಗೆ ತಲುಪಬೇಕಾದರೆ ಮೊದಲು ಗ್ರಾಮಸಭೆ ಠರಾವು ಮಾಡಿ ಕಳಿಸಬೇಕು.

ಸಭೆಯಲ್ಲಿ ಎದ್ದು ನಿಂತೆ. ಎರಡನೆಯ ಕೊರತೆಯ ವಿವರಣೆ ಮುಗಿಯುವಷ್ಟರಲ್ಲಿ ಪಂಚಾಯಿತಿ ಸದಸ್ಯ ಮಂಜಪ್ಪನವರು, “ಸಾರ್, ಹಳ್ಳಕ್ಕೆ ಬನ್ನಿ” ಎಂದರು. ಬಂದೆ. “ಈ ಸಂಕದ ಅರ್ಜಿ ಹಿಂದೊಮ್ಮೆ ಇದೇ ಸಭೆಗೆ ಬಂದಿತ್ತು. ನಾನು ಅಂದೇ ಅನುಮೋದಿಸಿದ್ದೆ. ಯಾರೋ ಪುಣ್ಯಾತ್ಮರು ಅಡ್ಡಗಾಲು ಹಾಕಿದರು. ಯಾರೆಂದು ದಾಖಲೆಯಲ್ಲೇ ನೋಡೋಣ” ಎಂದೆ.

“ಹಳೇದೆಲ್ಲ ಎಂತಕ್ಕೆ ಮಾರಾಯ್ರೆ? ಈಗ ಮಾಡಾಣ ಬಿಡಿ” ಎಂದರು ಮಂಜಪ್ಪ.

ಸಂಶೋಧಕ ಬಿಡುವುದುಂಟೆ? ಕಾರ್ಯದರ್ಶಿ ಹಳೆಯ ನಡಾವಳಿ ಪುಸ್ತಕ ತರಿಸಿ ಗಟ್ಟಿಯಾಗಿ ಓದಿದರು: “ಕಾಲುಸಂಕ ಕೋರಿದ ಅರ್ಜಿಯಲ್ಲಿ ದಿನಾಂಕ ನಮೂದಾಗಿಲ್ಲವೆಂದು ಹಾಜರಿದ್ದ ನಿವೃತ್ತ ಸಂಶೋಧಕರು ಗಮನಕ್ಕೆ ತಂದು, ಅದು ಖಚಿತವಾಗುವವರೆಗೆ ವಿಷಯವನ್ನು ಮುಂದೂಡಲು ಸೂಚಿಸಿದರು. ಸಭೆ ಒಪ್ಪಿತು.”

ಊರಿನಲ್ಲಿ ನಿವೃತ್ತ ಸಂಶೋಧಕ ನಾನೊಬ್ಬನೇ. ಸಭೆ ನಗುತ್ತಲೇ ಸಂಕಕ್ಕೆ ಕೈಯೆತ್ತಿತು, ಯಾರೂ ಎದುರಾಡಲಿಲ್ಲ. ಲಲಿತಕ್ಕ ಮಾತ್ರ ನಗದೆ ಹೊಸ ಅರ್ಜಿಯನ್ನು ನನ್ನ ಮುಂದಿಟ್ಟು, “ತಾರೀಕು ನೀವೇ ಬರ್ದುಬಿಡಿ ಸಾರ್. ಆಮೇಲೆ ನಿಮಗೇ ಅನುಮಾನ ಬರಬಾರ್ದಲ್ಲ” ಎಂದರು. ಬರೆದೆ.

ನನ್ನ ನೆನಪೋ, ಇಂದಿಗೂ ಸ್ಪಷ್ಟ: ಅಂದು ನಾನು ಎದ್ದು ನಿಂತು ಆ ಅರ್ಜಿಯನ್ನು ಅನುಮೋದಿಸಿದ್ದೆ. ಹಳೆಯ ಠರಾವಿನ ಕೆಳಗೆ ಸೂಚಕರ ಸಹಿಯಿದೆ. ಅದನ್ನು ನನ್ನ ಪಿಂಚಣಿ ಪುಸ್ತಕದ ಸಹಿಯೊಡನೆ ಅಕ್ಷರಕ್ಕಕ್ಷರ ಹೋಲಿಸಿದ್ದೇನೆ. ಎರಡೂ ಒಂದೇ ಕೈಯವು.